ಮತ್ಸ್ಯಾಲಯದ ಮಂದ ಬೆಳಕಿನಲ್ಲಿ ಕ್ಯಾಮೆರಾ



ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾದ ಮತ್ಸ್ಯಾಲಯದ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ನಾನು ಬಿ.ಎಸ್ಸಿ. ಓದುತ್ತಿದ್ದಾಗ, ಪ್ರಾಣಿಶಾಸ್ತ್ರದ ಪ್ರದರ್ಶನಕ್ಕಾಗಿ ಮೀನಿನ ಈಜುರೆಕ್ಕೆಗಳ ಚಿತ್ರ ತೆಗೆಯಲು ಅಲ್ಲಿಗೆ ಹೋಗಿದ್ದೆ. ಕ್ಯಾಮೆರಾ ಸೋದರಮಾವನದು, ಫಿಲ್ಮ್ ಸುರುಳಿ ಮಾತ್ರ ನಾವು ನಾಲ್ವರು ಗೆಳೆಯರು ಚಂದಾ ಹಾಕಿ ಕೊಂಡದ್ದು. ತೊಳೆಸಿ ನೋಡಿದರೆ, 36 ಚಿತ್ರಗಳ ಪೈಕಿ ಬಹುಪಾಲಿನಲ್ಲಿ ಗಾಜಿನ ಮೇಲೆ ನನ್ನದೇ ಫ್ಲ್ಯಾಷ್‌ನ ಬಿಳಿ ಚೆಂಡು! ಉಳಿದವುಗಳಲ್ಲಿ ಮೀನಿನ ಬದಲು ಹೊಗೆ. ಗೆಳೆಯರು ಬೈಯಲಿಲ್ಲ; ಅದೇ ಹೆಚ್ಚು ನೋಯಿಸಿತು.

ಗಾಜಿಗೆ ನೇರವಾಗಿ ಹಾಯಿಸಿದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಪಾಠದಲ್ಲಿ ಓದಿದ್ದೆ, ಅಲ್ಲಿ ನೆನಪಾಗಲಿಲ್ಲ. ಆದ್ದರಿಂದ ಫ್ಲ್ಯಾಷ್ ಬಿಟ್ಟು, ಇರುವ ಬೆಳಕನ್ನೇ ಹೆಚ್ಚು ಹಿಡಿಯುವ ಲೆನ್ಸ್ ಬೇಕು. ನಾನು ಒಯ್ದಿದ್ದ ಜೂಮ್ ಲೆನ್ಸಿನ ಎಫ್-ಸಂಖ್ಯೆ 3.5. ಸಾಮಾನ್ಯ 50 ಮಿ.ಮೀ. ಲೆನ್ಸಿನದು 1.8. ಈ ಸಂಖ್ಯೆ ಅರ್ಧಕ್ಕಿಳಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಜೂಮ್‌ಗೆ 1/15 ಸೆಕೆಂಡು ಬೇಕಾದಲ್ಲಿ ಇದಕ್ಕೆ 1/60 ಸಾಕು. ಟ್ರೈಪಾಡ್ ನಿಮ್ಮ ಕೈಯನ್ನು ನಿಲ್ಲಿಸೀತು, ಮೀನನ್ನಲ್ಲ.

ಆದರೆ ಪೂರ್ತಿ ತೆರೆದ ಲೆನ್ಸಿನಲ್ಲಿ, ಅರ್ಧ ಮೀಟರ್ ದೂರದಲ್ಲಿ, ಸ್ಪಷ್ಟವಾಗಿ ಮೂಡುವುದು ಸುಮಾರು ಒಂದು ಸೆಂಟಿಮೀಟರ್ ಆಳ ಮಾತ್ರ. ಮೀನು ಗಾಜಿಗೆ ಸಮಾಂತರವಾಗಿ ತಿರುಗುವವರೆಗೆ ಕಾಯಬೇಕು. ಅದರ ಕಣ್ಣಿಗೆ ಫೋಕಸ್ ಮಾಡಬೇಕು. ಲೆನ್ಸಿನ ಮೇಲಿನ ದೂರದ ಅಂಕಿಗಳನ್ನು ಇಲ್ಲಿ ನಂಬಬೇಡಿ. ನೀರಿನ ವಕ್ರೀಭವನಾಂಕ 1.33, ಗಾಜಿನಾಚೆ 40 ಸೆಂ.ಮೀ. ದೂರದಲ್ಲಿರುವ ಮೀನು 30 ಸೆಂ.ಮೀ.ನಲ್ಲಿರುವಂತೆ ನಿಮಗೂ ಕಾಣುತ್ತದೆ, ಲೆನ್ಸಿಗೂ ಕಾಣುತ್ತದೆ. ರಬ್ಬರ್ ಹುಡ್ ಅನ್ನು ಗಾಜಿಗೆ ಒತ್ತಿ ಹಿಡಿದರೆ ಹಿಂದಿನ ಪ್ರತಿಬಿಂಬಗಳು ತಪ್ಪುತ್ತವೆ. ಓರೆಯಾಗಿ ಹಿಡಿದರೆ ದಪ್ಪ ಗಾಜು ಚಿತ್ರವನ್ನು ಕೆಡಿಸುತ್ತದೆ.

ಇನ್ನು ಫಿಲ್ಮ್. 100ರ ವೇಗ ಇಲ್ಲಿ ಸಾಲದು, 400 ಕನಿಷ್ಠ. 400ರ ಕಪ್ಪು-ಬಿಳುಪು ಫಿಲ್ಮನ್ನು 1600 ಎಂದು ಎಣಿಸಿ ಚಿತ್ರ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿಸುವುದುಂಟು. ಆಗ ಕಣಗಳು ಒರಟಾಗುತ್ತವೆ, ನೆರಳಿನ ವಿವರ ಅಳಿಯುತ್ತದೆ. ಇಡೀ ಸುರುಳಿಗೆ ಒಂದೇ ವೇಗವಿರಲಿ, ಲ್ಯಾಬಿನವರಿಗೆ ಹೇಳಲು ಮರೆಯಬೇಡಿ. ಕೊಡಾಕ್‌ನ ಟಿ-ಮ್ಯಾಕ್ಸ್ ಪಿ3200 ಇಂಥ ಕತ್ತಲೆಗೆಂದೇ 1988ರಲ್ಲಿ ಬಂದಿತು. 2012ರಲ್ಲಿ ನಿಂತು, 2018ರಲ್ಲಿ ಮರಳಿತು. ಹಗಲು ಬೆಳಕಿನ ಕಲರ್ ಫಿಲ್ಮಿಗೆ ಟ್ಯೂಬ್‌ಲೈಟ್ ಹಸಿರು ಛಾಯೆ ಬಳಿಯುತ್ತದೆ. ಅದನ್ನು ಸರಿಪಡಿಸುವ ಕೆನ್ನೇರಳೆ ಫಿಲ್ಟರ್, ಇದ್ದ ಬೆಳಕಿನಲ್ಲಿ ಅರ್ಧವನ್ನು ನುಂಗುತ್ತದೆ. ರೆಕ್ಕೆಯ ರಚನೆಯಷ್ಟೇ ಬೇಕಿದ್ದರೆ ಕಪ್ಪು-ಬಿಳುಪೇ ಲೇಸು ಎಂಬುದು ನನ್ನ ಮತ.

ಎರಡನೆಯ ಸಲ ಹಾಗೆಯೇ ಮಾಡಿದೆವು. ಒಂಬತ್ತು ಚಿತ್ರಗಳು ಗೆದ್ದವು. ಒಂದರಲ್ಲಿ ಗೌರಾಮಿ ಮೀನಿನ ದಾರದಂಥ ಕೆಳರೆಕ್ಕೆಗಳೆರಡೂ ತುದಿಯವರೆಗೆ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಪ್ರದರ್ಶನದ ಹಲಗೆಯ ನಡುವೆ ಅದನ್ನೇ ಅಂಟಿಸಿದೆವು.