ಕಡಲಬಂಡೆಯ ಗೋಮಾಳ



ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ನೆರೆಯಲ್ಲಿರುವ ಕೋಗಿಲಿನವರಿಗೆ ಸಮುದ್ರವು ದೂರದ ಮಾತು. ಕಡಲಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಕುಳಿತು ಕಡಲಬಂಡೆಯ ಹುಳುಗಳ ವಿಚಾರವನ್ನು ಕೇಳುವುದರಿಂದ ಪ್ರಯೋಜನವೇನೆಂದು ಕೆಲವರು ಶಂಕಿಸಬಹುದು. ಆದರೆ ಕೆರೆಯ ಮೆಟ್ಟಿಲಿನ ಮೇಲೆ ಕಾಲನ್ನು ಜಾರಿಸುವ ಹಾವಸೆಯೂ, ಅದನ್ನು ಮೇಯುತ್ತ ಕಲ್ಲಿಗಂಟಿಕೊಂಡಿರುವ ಬಸವನಹುಳುವೂ ನಮಗೆ ಹೊಸವಲ್ಲ. ಇಂತಹುದೇ ಸಂಸಾರವು ಕಡಲತೀರದಲ್ಲಿ ಇನ್ನೂ ವಿಶಾಲವಾಗಿ ನಡೆಯುತ್ತಿದೆ. ಅಲ್ಲಿ ದೊರೆತ ಪಾಠವು ಇಲ್ಲಿಯ ಕೆರೆಗೂ ಸಲ್ಲತಕ್ಕುದಾದುದರಿಂದ ಅದನ್ನೀಗ ವಿಚಾರ ಮಾಡೋಣ.

ಮಂಗಳೂರಿನ ಬಳಿಯ ಸೋಮೇಶ್ವರ, ಗೋಕರ್ಣ, ಕಾರವಾರ ಮೊದಲಾದೆಡೆಗಳಲ್ಲಿ ನಮ್ಮ ಕರಾವಳಿಯು ಬಂಡೆಗಳಿಂದ ಕೂಡಿದೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಂತೂ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿ ಹೆಪ್ಪುಗಟ್ಟಿದ ಲಾವಾರಸವು ಕಂಬಗಳ ಸಾಲಾಗಿ ನಿಂತಿರುವುದು. ದಿನಕ್ಕೆರಡು ಬಾರಿ ಇಂತಹ ಬಂಡೆಗಳನ್ನು ಉಬ್ಬರವು ಮುಳುಗಿಸುತ್ತದೆ. ಇಳಿತವು ಬಿಸಿಲಿಗೆ ಒಡ್ಡುತ್ತದೆ. ನೀರಿಳಿದಾಗ ನೋಡಿದರೆ ಬಂಡೆಯ ಬಹುಭಾಗವು ಬರಿಯ ಕಲ್ಲೆಂದೇ ತೋರುವುದು. ಈ ತೋರಿಕೆಯು ನಿಜವಲ್ಲ. ಕಲ್ಲಿನ ಮೇಲೆ ತೆಳ್ಳನೆಯ ಲೋಳೆಯ ಪೊರೆಯೊಂದಿದೆ. ಅದರಲ್ಲಿ ಗಾಜಿನ ದ್ರವ್ಯದಿಂದ ಕವಚವನ್ನು ಕಟ್ಟಿಕೊಳ್ಳುವ ಡಯಾಟಮ್‌ಗಳು, ನೀಲಿ-ಹಸಿರು ಪಾಚಿಗಳೆಂದು ರೂಢಿಯಲ್ಲಿರುವ ಸೂಕ್ಷ್ಮಜೀವಿಗಳು, ದೊಡ್ಡ ಕಡಲಪಾಚಿಗಳ ಮೊಳಕೆಗಳು ತುಂಬಿಕೊಂಡಿರುವುವು.

ಇದೇ ಕಡಲಬಂಡೆಯ ಗೋಮಾಳ. ಗೋಪುರದ ಆಕಾರದ ಒಂದೇ ಚಿಪ್ಪನ್ನು ಹೊತ್ತ ಲಿಂಪೆಟ್‌ಗಳು, ಗುಂಡು ಚಿಪ್ಪಿನ ನೆರೈಟ್‌ಗಳು, ಬಂಡೆಯ ಮೇಲಂಚಿನ ಬಿರುಕುಗಳಲ್ಲಿ ವಾಸಿಸುವ ಪುಟ್ಟ ಲಿಟ್ಟೊರೈನ್‌ಗಳು ಇಲ್ಲಿಯ ದನಗಳು. ಅವುಗಳ ಬಾಯೊಳಗೆ ಸಾಲುಸಾಲಾಗಿ ಹಲ್ಲುಗಳಿರುವ ಪಟ್ಟಿಯೊಂದುಂಟು. ಅದರಿಂದ ಕಲ್ಲನ್ನು ಅರದಂತೆ ಉಜ್ಜಿ ಮೇವನ್ನು ಕೆರೆದುಕೊಳ್ಳುತ್ತವೆ. ಲಿಂಪೆಟ್ಟಿನ ಹಲ್ಲಿನಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜವಿದೆ. ಪರೀಕ್ಷಿಸಲ್ಪಟ್ಟ ಜೈವಿಕ ವಸ್ತುಗಳಲ್ಲೆಲ್ಲ ಇದೇ ಅತ್ಯಂತ ಬಲವಾದುದೆಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಮೇದು ಮುಗಿಸಿದ ಮೇಲೆ ಹಲವು ಜಾತಿಯ ಲಿಂಪೆಟ್‌ಗಳು ತಮ್ಮ ಲೋಳೆಯ ಜಾಡನ್ನು ಹಿಡಿದು, ಚಿಪ್ಪಿಗೆ ಸರಿಯಾಗಿ ಹೊಂದುವ ಹಳೆಯ ನೆಲೆಗೇ ಹಿಂದಿರುಗುವುವು. ಕೆಲವು ಜಾತಿಗಳ ಲೋಳೆಯಲ್ಲಿ ಸೂಕ್ಷ್ಮ ಪಾಚಿಗಳು ಇನ್ನಷ್ಟು ಹುಲುಸಾಗಿ ಬೆಳೆಯುವುದೂ ಕಂಡುಬಂದಿದೆ. ಮೇಯುವ ಪಶುವು ತನ್ನ ಹುಲ್ಲಿಗೆ ತಾನೇ ಗೊಬ್ಬರವಿಕ್ಕಿದಂತಾಯಿತು.

ಹಾಗಾದರೆ ಬಂಡೆಯು ಬರಿದಾಗಿ ಕಾಣುವುದೇಕೆ? ಮೇವು ಬೆಳೆಯುವುದಿಲ್ಲವೆಂದಲ್ಲ, ಬೆಳೆದಷ್ಟೂ ಮೇಯಲ್ಪಡುವುದೆಂದು. ಹಾಲು ಮಾರಿ ಬಂದ ಗೌಳಿಗನ ಬರಿದಾದ ತಂಬಿಗೆಯನ್ನು ನೋಡಿ ಅವನ ಹಸು ಬತ್ತಿದೆಯೆನ್ನುವುದು ಸರಿಯಲ್ಲವಷ್ಟೆ. ಈ ಮಾತಿಗೆ ಪ್ರತ್ಯಕ್ಷ ಪ್ರಮಾಣವೂ ಉಂಟು. 1940ರ ದಶಕದಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ವಿಜ್ಞಾನಿಗಳು ತೀರದ ಒಂದು ಪಟ್ಟಿಯಿಂದ ಲಿಂಪೆಟ್‌ಗಳನ್ನೆಲ್ಲ ಕಿತ್ತು ತೆಗೆದರು. ಬರಿಗಲ್ಲಾಗಿದ್ದ ಆ ಪಟ್ಟಿಯು ಮೊದಲು ಹಸುರಾಗಿ, ಬಳಿಕ ದೊಡ್ಡ ಕಂದು ಕಡಲಪಾಚಿಗಳಿಂದ ಮುಚ್ಚಿಹೋಯಿತು.

ಅಲ್ಲಿ ಬುದ್ಧಿಪೂರ್ವಕವಾಗಿ ನಡೆಸಿದುದು 1967ರಲ್ಲಿ ದುರಂತವಾಗಿ ಮರುಕಳಿಸಿತು. ಆ ವರ್ಷದ ಮಾರ್ಚಿಯಲ್ಲಿ ಟೊರಿ ಕ್ಯಾನಿಯನ್ ಎಂಬ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಬಂಡೆಗೆ ಬಡಿಯಿತು. ಅದರಲ್ಲಿ ಒಂದು ಲಕ್ಷ ಟನ್ನಿಗೂ ಮಿಕ್ಕ ಕಚ್ಚಾ ತೈಲವಿತ್ತು. ತೈಲವನ್ನು ತೊಳೆಯಲು ಸುರಿದ ಮಾರ್ಜಕಗಳ ವಿಷವು ತೈಲಕ್ಕಿಂತ ಹೆಚ್ಚಾಗಿ ಲಿಂಪೆಟ್‌ಗಳನ್ನು ಕೊಂದಿತು. ಬಂಡೆಗಳು ಹಸುರಾದುವು, ಆಮೇಲೆ ಕಂದು ಪಾಚಿಯು ಕವಿಯಿತು, ಬಹಳವಾಗಿ ವಿಷ ಬಿದ್ದೆಡೆಗಳಲ್ಲಿ ತೀರವು ಮೊದಲಿನ ಸ್ಥಿತಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಶುಚಿಮಾಡಹೊರಟವರು ನಿತ್ಯವೂ ಶುಚಿಮಾಡುತ್ತಿದ್ದವರನ್ನೇ ಕೊಂದಂತಾಯಿತು.

ಇನ್ನು ನಮ್ಮ ಕೆರೆಗಳಿಗೆ ಬರೋಣ. ಇಲ್ಲಿಯೂ ಕಲ್ಲಿನ ಮೇಲೆ, ನೀರ್ಗಿಡದ ದಂಟಿನ ಮೇಲೆ ಡಯಾಟಮ್ ಮುಂತಾದ ಪಾಚಿಗಳ ಪೊರೆಯುಂಟು. ಲಿಮ್ನಿಯ, ಬೆಲ್ಲಾಮಿಯ ಮುಂತಾದ ಸಿಹಿನೀರಿನ ಬಸವನಹುಳುಗಳು ಅದನ್ನು ಮೇಯುತ್ತವೆ. ಊರಿನ ಕೊಳಚೆಯು ಕೆರೆಗೆ ಹರಿದಾಗ ಅದರ ಸಾರಜನಕವೂ ರಂಜಕವೂ ಮೇವನ್ನು ಹೆಚ್ಚಿಸುವುದರಿಂದ ಹುಳುಗಳಿಗೆ ಸುಭಿಕ್ಷವಾಗುವುದೆಂದು ಊಹಿಸಬಹುದು. ನಡೆಯುವುದು ಬೇರೆ. ಗೊಬ್ಬರವು ಮಿತಿಮೀರಿದರೆ ಪಾಚಿಯು ಕಲ್ಲನ್ನು ಬಿಟ್ಟು ನೀರಿನಲ್ಲೆಲ್ಲ ತೇಲುತ್ತ ಬೆಳೆಯುವುದು. ಕಲ್ಲಿಗಂಟಿದ ಹುಳುವಿಗೆ ಅದು ನಿಲುಕುವುದಿಲ್ಲ. ಮೇಲೆ ತೇಲುವ ಹಸುರು ಬೆಳಕನ್ನು ತಡೆಯುವುದರಿಂದ ಕೆಳಗಿನ ಗೋಮಾಳವು ಕತ್ತಲಾಗುವುದು. ರಾತ್ರಿಯಲ್ಲಿ ಆ ಪಾಚಿಯೇ ನೀರಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುವುದು. ಲಿಮ್ನಿಯಕ್ಕೆ ಮೇಲೆದ್ದು ಗಾಳಿಯನ್ನು ಸೇವಿಸುವ ಶಕ್ತಿಯಿದೆ. ಕಿವಿರಿನಿಂದ ಉಸಿರಾಡುವ ಬೆಲ್ಲಾಮಿಯಕ್ಕೆ ಆ ಉಪಾಯವಿಲ್ಲ.

ಆದುದರಿಂದ ನೀರಿಗೆ ಔಷಧವನ್ನೆರಚಿ ಪಾಚಿಯನ್ನು ಕೊಲ್ಲುವೆವೆನ್ನುವುದು ಕಾರ್ನ್‌ವಾಲಿನ ದಾರಿಯನ್ನೇ ಹಿಡಿದಂತೆ. ಕೊಳಚೆಯನ್ನು ಕೆರೆಗೆ ಬರುವ ಮೊದಲೇ ತಡೆದು ಶುದ್ಧಿಗೊಳಿಸುವುದೂ, ಏರಿಯ ಒಳಮೈಯ ಕಲ್ಲನ್ನೂ ಅಂಚಿನ ನೀರ್ಗಿಡಗಳನ್ನೂ ಉಳಿಸುವುದೂ ನಮ್ಮ ಕೈಯಲ್ಲಿರುವ ಕೆಲಸ. ಉಳಿದುದನ್ನು ಬಸವನಹುಳುಗಳು ಕೂಲಿಯಿಲ್ಲದೆ ಮಾಡುವುವು. ಕಡಲಬಂಡೆಯನ್ನಾಗಲಿ ಕೆರೆಯ ಮೆಟ್ಟಿಲನ್ನಾಗಲಿ ಕಂಡಾಗ, ಕಲ್ಲು ಬರಿದಾಗಿದೆಯೆಂದು ಕನಿಕರಪಡದೆ, ಮೇಯುವವರು ಕ್ಷೇಮವಾಗಿರುವರೇ ಎಂದು ವಿಚಾರಿಸುವುದು ಒಳಿತು.