ಹೊಸ ಅರೆ-ಸ್ವಯಂಚಾಲಿತ ಕೋವಿ ನಡುವೆ ಸಿಕ್ಕಿಕೊಂಡರೆ
(ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕೊಡಗಿನ ಮನೆಗಳಿಗೆ ಕೋವಿ ಹೊಸದಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಆದರೆ ನಮ್ಮ ಹಿರಿಯರಿಗೆ ಪರಿಚಯವಿದ್ದುದು ಕೇಪಿನ ಕೋವಿ, ಆಮೇಲೆ ಜೋಡುನಳಿಗೆಯ ತೋಟೆ ಕೋವಿ. ಜೋಡುನಳಿಗೆಯಲ್ಲಿ ತೋಟೆ ತುಂಬುವುದೂ ಖಾಲಿ ತೋಟೆ ತೆಗೆಯುವುದೂ ನಮ್ಮ ಕೈಯ ಕೆಲಸ. ಅರೆ-ಸ್ವಯಂಚಾಲಿತ ಕೋವಿಯಲ್ಲಿ ಈ ಎರಡನ್ನೂ ಯಂತ್ರವೇ ಮಾಡುತ್ತದೆ. ಆದ್ದರಿಂದ ತೊಂದರೆಗಳೂ ಬೇರೆ.

ಮೊದಲಿಗೆ ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯಿದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆದರೆ ಈ ಬಗೆಯ ಕೋವಿ ನಿಮಗೆ ಸಲ್ಲುತ್ತದೆಯೇ ಎಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಕೊಳ್ಳಬೇಕು. ಕೋವಿಯಿದ್ದ ಮಾತ್ರಕ್ಕೆ ಗದ್ದೆಗೆ ಬಂದ ಹಂದಿಯನ್ನು ಹೊಡೆಯುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದಕ್ಕೆ ಅನುಮತಿ ಬೇಕು.

ಇನ್ನು ಯಂತ್ರದ ವಿಷಯ. ಗುಂಡು ಹಾರಿದೊಡನೆ ಬೋಲ್ಟು ಹಿಂದಕ್ಕೆ ಸರಿಯುತ್ತದೆ. ಅದರ ಕೊಕ್ಕೆ ಖಾಲಿ ತೋಟೆಯನ್ನು ಎಳೆದು ಹೊರಗೆಸೆಯುತ್ತದೆ. ಕೊಳವೆಯಲ್ಲಿರುವ ಇನ್ನೊಂದು ತೋಟೆ ಮೇಲೇರುತ್ತದೆ; ಸ್ಪ್ರಿಂಗು ಬೋಲ್ಟನ್ನು ಮುಂದೆ ತಳ್ಳಿ ಅದನ್ನು ನಳಿಗೆಯ ಬುಡದಲ್ಲಿ ಕೂರಿಸುತ್ತದೆ. ಇಷ್ಟಕ್ಕೆಲ್ಲ ಶಕ್ತಿ ಎಲ್ಲಿಂದ? ಹಾರಿದ ಆ ಒಂದು ತೋಟೆಯಿಂದ. ಪಂಪ್‌ಸೆಟ್ ನೀರೆತ್ತದಿದ್ದರೆ ಮೋಟಾರು ಬಿಚ್ಚುವ ಮೊದಲು ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ನೋಡುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಹೊಸ ಕೋವಿ ತಡೆದೊಡನೆ ಅಂಗಡಿಯವನನ್ನು ಬೈಯುವ ಮುನ್ನ ತೋಟೆಯನ್ನು ನೋಡಿ.

ಹನ್ನೆರಡು ಬೋರಿನ ತೋಟೆಗಳಲ್ಲಿ 24 ಗ್ರಾಂ ಚರೆಯ ಹಗುರ ತೋಟೆಗಳಿವೆ, 36 ಗ್ರಾಂ ಮತ್ತು ಅದಕ್ಕೂ ಹೆಚ್ಚಿನ ಭಾರದವೂ ಇವೆ. ಹೊಸ ಕೋವಿಯ ಭಾಗಗಳು ಇನ್ನೂ ಬಿಗಿ. ಹಗುರ ತೋಟೆಯ ಒದೆತ ಬೋಲ್ಟನ್ನು ಪೂರ್ತಿ ಹಿಂದೆ ಒಯ್ಯದೆ ಹೋಗಬಹುದು. ಆಗ ಖಾಲಿ ತೋಟೆ ಕಿಂಡಿಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಅಂಗೀಕೃತ ಗುಂಡಿನ ಮೈದಾನದಲ್ಲಿ ಒಂದೇ ಒಂದು ತೋಟೆ ಹಾಕಿ ಹಾರಿಸಿ. ಬಹಳಷ್ಟು ಮಾದರಿಗಳಲ್ಲಿ ಕೊನೆಯ ತೋಟೆ ಹಾರಿದ ಮೇಲೆ ಬೋಲ್ಟು ಹಿಂದೆಯೇ ನಿಲ್ಲಬೇಕು. ನಿಲ್ಲದಿದ್ದರೆ ಶಕ್ತಿ ಸಾಲದಾಗಿದೆ. ಅದೇ ಉದ್ದದ, ಹೆಚ್ಚು ಭಾರದ ತೋಟೆಯಲ್ಲಿ ಸರಿಯಾದರೆ ಕೋವಿಯಲ್ಲಿ ದೋಷವಿಲ್ಲ. ಅಂಥ ತೋಟೆ ಕೆಲವನ್ನು ಹಾರಿಸಿದ ಮೇಲೆ ಹಗುರವಾದವೂ ನಡೆಯತೊಡಗುವುದುಂಟು.

ಭಾರದ ತೋಟೆ ಎಂದರೆ ಉದ್ದದ ತೋಟೆ ಎಂದಲ್ಲ. ನಳಿಗೆಯ ಮೇಲೆ 70 ಮಿ.ಮೀ. ಎಂದು ಕೆತ್ತಿದ್ದರೆ 76 ಮಿ.ಮೀ. ತೋಟೆಯನ್ನು ಹಾಕಲೇಬಾರದು. ತುದಿ ಮಡಿಚಿರುವುದರಿಂದ ಅದು ಒಳಗೆ ಕೂರುತ್ತದೆ, ಮೋಸವಿರುವುದು ಅಲ್ಲಿಯೇ. ಹಾರಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಮಿತಿಮೀರುತ್ತದೆ.

ನಮ್ಮ ಮಳೆಗಾಲವೂ ತೋಟೆಗೆ ಶತ್ರು. ಕಾಗದದ ತೋಟೆ ತೇವಕ್ಕೆ ಉಬ್ಬುತ್ತದೆ. ಬೋಲ್ಟು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಪ್ಲಾಸ್ಟಿಕ್ ತೋಟೆ ಉಬ್ಬದಿದ್ದರೂ ಅದರ ತಳ ಹಲವು ಸಲ ಹಿತ್ತಾಳೆ ಲೇಪಿಸಿದ ಉಕ್ಕು. ಅಯಸ್ಕಾಂತ ಹಿಡಿದರೆ ತಿಳಿಯುತ್ತದೆ. ತುಕ್ಕು ಹಿಡಿದ ತಳವನ್ನು ಎಳೆಯಲು ಕೊಕ್ಕೆ ಒದ್ದಾಡುತ್ತದೆ. ತೋಟೆಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ದೂರವಾಗಿ, ಬೀಗ ಹಾಕಿಡಿ.

ಇನ್ನೊಂದು ಕಾರಣ ಕಾರ್ಖಾನೆಯ ಗ್ರೀಸು. ತುಕ್ಕು ಹಿಡಿಯದಂತೆ ಬಳಿದ ಈ ಗ್ರೀಸು ಯಂತ್ರ ನಡೆಸಲು ಬಳಿದದ್ದಲ್ಲ. ಕೋವಿ ಖಾಲಿಯಾಗಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಕೈಪಿಡಿಯಂತೆ ಬಿಚ್ಚಿ, ಅದನ್ನು ಒರೆಸಿ ತೆಗೆಯಿರಿ. ಆಮೇಲೆ ತೆಳುವಾದ ಎಣ್ಣೆ ಒಂದೆರಡು ಹನಿ ಸಾಕು. ಎಣ್ಣೆ ಹೆಚ್ಚಾದರೆ ಹೊಗೆಮಸಿ ಸೇರಿ ಅಂಟಾಗುತ್ತದೆ.

ಕೋವಿ ಯಾವ ಬಗೆಯದೆಂಬುದೂ ತಿಳಿದಿರಬೇಕು. ಜಾನ್ ಬ್ರೌನಿಂಗ್ ರೂಪಿಸಿ, 1902ರಿಂದ ಬೆಲ್ಜಿಯಂನಲ್ಲಿ ತಯಾರಾದ ಆಟೋ-5ರಲ್ಲಿ ನಳಿಗೆಯೇ ಹಿಂದಕ್ಕೆ ಸರಿಯುತ್ತದೆ. ಅದರ ಮುಂಭಾಗದ ಕೊಳವೆಯ ಮೇಲೆ ಒಂದು ಉಕ್ಕಿನ ಬಳೆಯಿದೆ. ಭಾರದ ತೋಟೆಗೆ ಅದು ಸ್ಪ್ರಿಂಗಿನ ಮುಂದೆ, ಹಗುರ ತೋಟೆಗೆ ಸ್ಪ್ರಿಂಗಿನ ಹಿಂದೆ ಇರಬೇಕು. ಅದಲುಬದಲಾದರೆ ಹಗುರ ತೋಟೆ ತಡೆಯುತ್ತದೆ, ಭಾರದ ತೋಟೆ ಕೋವಿಯನ್ನು ಸವೆಸುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಅನಿಲದಿಂದ ನಡೆಯುವ ಬಗೆ. ಅದರ ಸಣ್ಣ ರಬ್ಬರ್ ಬಳೆ ಹರಿದರೆ ಅನಿಲ ಸೋರಿ ಬಲ ಕುಂದುತ್ತದೆ. ಇಟಲಿಯ ಬೆನೆಲ್ಲಿಯಂಥವು ಕೋವಿಯ ಹಿಂದೊದೆತದಿಂದಲೇ ನಡೆಯುತ್ತವೆ. ಅವುಗಳ ಬುಡವನ್ನು ಮರಕ್ಕೋ ಗೋಡೆಗೋ ಆನಿಸಿ ಹಾರಿಸಿದರೆ ಒದೆತವೇ ಇಲ್ಲವಾಗಿ ಬೋಲ್ಟು ಕೆಲಸ ಮಾಡದು. ಅದು ಕೋವಿಯ ತಪ್ಪಲ್ಲ.

ಈಗ ಹೇಳುವುದನ್ನು ದಯವಿಟ್ಟು ಮನೆಯ ಹುಡುಗರಿಗೂ ತಿಳಿಸಿ. ಸಿಕ್ಕಿಕೊಂಡ ಕೋವಿ ಖಾಲಿ ಕೋವಿಯಲ್ಲ. ಒಳಗೆ ಜೀವಂತ ತೋಟೆ ಅರ್ಧಕ್ಕೆ ನಿಂತಿರಬಹುದು. ಟ್ರಿಗರ್ ಒತ್ತಿದರೂ ಹಾರದಿದ್ದರೆ ಬಾಯಿಯನ್ನು ಜನರಿಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ, ತಡವಾಗಿ ಹಾರುವುದುಂಟು. ‘ಠುಸ್’ ಎಂದು ಸಣ್ಣ ಸದ್ದಾಗಿ ಬೋಲ್ಟು ಸರಿಯದಿದ್ದರೆ ಕೈಯಿಂದ ಎಳೆದು ಇನ್ನೊಂದನ್ನು ಹಾರಿಸಬೇಡಿ. ತೋಟೆಯೊಳಗಿನ ಬೆಣೆ ನಳಿಗೆಯಲ್ಲಿಯೇ ಉಳಿದಿದ್ದರೆ ಮುಂದಿನ ಗುಂಡಿಗೆ ನಳಿಗೆ ಸೀಳುತ್ತದೆ, ಹಿಡಿದ ಕೈ ಹೋಗುತ್ತದೆ. ಕೋವಿಯನ್ನು ಖಾಲಿ ಮಾಡಿ, ನಳಿಗೆ ಕಳಚಿ, ಬುಡದಿಂದ ಬೆಳಕು ಕಾಣುತ್ತದೆಯೇ ನೋಡಿ.

ಇಷ್ಟಾದರೂ ಸರಿಹೋಗದಿದ್ದರೆ ಅರ, ಮರಳುಕಾಗದ ಹಿಡಿಯಬೇಡಿ. ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿಗೆ ಒಯ್ಯಿರಿ. ಯಾವ ತೋಟೆ, ಎಷ್ಟು ಗ್ರಾಂ, ಎಷ್ಟು ಹಾರಿಸಿದಾಗ ಎಷ್ಟು ತಡೆಯಿತು, ಖಾಲಿ ತೋಟೆ ಸಿಕ್ಕಿತೋ ಹೊಸದು ಮೇಲೇರಲಿಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕೊಡಿ. ಹಾರಿಸಿದ ಖಾಲಿ ತೋಟೆ ನಾಲ್ಕನ್ನೂ ಒಯ್ಯಿರಿ.