ಪ್ರವೇಶದ ಕಾಗದ, ಹಣದ ಕಾಗದ

(ಪುಣೆಯಲ್ಲಿ ಸಂಘದ ಪಾಲಕ-ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣ)



ಉಚ್ಚ ಶಿಕ್ಷಣದ ಮಹತ್ತ್ವವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದರು. ಈ ಸಭೆಗೆ ಅದರ ಮಹತ್ತ್ವವನ್ನು ಹೇಳಹೊರಡುವುದು ಧಾರವಾಡದವರಿಗೆ ಪೇಢೆ ಮಾರಹೋದಂತೆ. ಊರು ಬಿಟ್ಟು ಇಲ್ಲಿಗೆ ಬಂದು ನೆಲೆಸಿದ ನಮ್ಮಲ್ಲಿ ಬಹುಮಂದಿ ಓದಿನ ಬಲದಿಂದಲೇ ಬಂದವರು. ಆದುದರಿಂದ ಅವರ ಅನುಮತಿ ಪಡೆದು ವಿಷಯವನ್ನು ಬಹಳ ಕಿರಿದು ಮಾಡಿಕೊಂಡಿದ್ದೇನೆ. ಅಮೆರಿಕದ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕಿದ ಮೇಲೆ ಉತ್ತರ ಬರುವವರೆಗಿನ ಮೂರು ನಾಲ್ಕು ತಿಂಗಳು, ಮತ್ತು ಉತ್ತರ ಬಂದ ಮೇಲೆ ಹಣದ ಲೆಕ್ಕ ಹಾಕುವ ಮೂರು ನಾಲ್ಕು ವಾರ, ಇಷ್ಟೇ ನನ್ನ ವಿಷಯ. ಮನೆಗಳು ಕಟ್ಟಿಕೊಳ್ಳುವುದೂ ಮುಳುಗುವುದೂ ಈ ಅವಧಿಯಲ್ಲಿಯೇ ಎಂದು ನನಗೆ ತೋರುತ್ತದೆ.

ಅರ್ಜಿಗಳು ಹೆಚ್ಚಾಗಿ ಡಿಸೆಂಬರಿನಲ್ಲಿ ಮುಚ್ಚುತ್ತವೆ. ಉತ್ತರಗಳು ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಒಂದೊಂದಾಗಿ ಬರತೊಡಗುತ್ತವೆ. ಅಲ್ಲಿಯ ಹಗಲು ನಮ್ಮ ರಾತ್ರಿ; ಆದುದರಿಂದ ಉತ್ತರ ಬರುವುದು ಸಾಮಾನ್ಯವಾಗಿ ನಾವು ಮಲಗಿರುವಾಗ. ಸಂಕ್ರಾಂತಿಯ ಎಳ್ಳು ಬೀರಲು ಹೋದಲ್ಲೆಲ್ಲ "ಏನಾಯಿತು ನಿಮ್ಮ ಹುಡುಗಂದು?" ಎಂಬ ಪ್ರಶ್ನೆ ಆರಂಭವಾಗಿ, ಯುಗಾದಿಯವರೆಗೂ ಬಿಡುವುದಿಲ್ಲ. ಹಿಂದೆ ಹೆಣ್ಣು ನೋಡಿ ಹೋದವರು "ಊರಿಗೆ ಹೋಗಿ ಕಾಗದ ಹಾಕುತ್ತೇವೆ" ಎಂದು ಹೇಳಿ ಹೋಗುತ್ತಿದ್ದರಷ್ಟೆ. ಅಂಚೆಯವನ ಹೆಜ್ಜೆ ಸಪ್ಪಳಕ್ಕೆ ಮನೆಯವರೆಲ್ಲರ ಕಿವಿ ನಿಮಿರುತ್ತಿದ್ದ ಆ ದಿನಗಳನ್ನು ಕಂಡ ತಾಯಂದಿರಿಗೆ ಈ ಕಾಯುವಿಕೆ ಎಂತಹುದೆಂದು ನಾನು ವರ್ಣಿಸಬೇಕಾಗಿಲ್ಲ.

ಆದರೆ ಆ ಕಡೆ ನಡೆಯುವುದು ಏನೆಂದು ತಿಳಿದರೆ ಈ ಕಡೆಯ ತಳಮಳ ಅಷ್ಟಿಷ್ಟು ಇಳಿದೀತು. ಪಿಎಚ್.ಡಿ.ಯ ಅರ್ಜಿಗಳನ್ನು ಆಯಾ ವಿಭಾಗದ ಪ್ರಾಧ್ಯಾಪಕರ ಒಂದು ಮಂಡಳಿ ಓದುತ್ತದೆ. ಕರೆದವರೆಲ್ಲ ಬರುವುದಿಲ್ಲವೆಂದು ಅವರಿಗೂ ಗೊತ್ತು. ಮೊದಲು ಕೆಲವರಿಗೆ ಕಾಗದ ಬರೆಯುತ್ತಾರೆ. ಮತ್ತೆ ಕೆಲವರನ್ನು ಬೇಡವೆಂದೂ ಹೇಳದೆ ಬನ್ನಿರೆಂದೂ ಹೇಳದೆ ಇಟ್ಟುಕೊಂಡಿರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವಾಗ ನಮಗೆ ವೇಟಿಂಗ್ ಲಿಸ್ಟಿನ ನಂಬರಾದರೂ ತಿಳಿಯುತ್ತದೆ. ಇಲ್ಲಿ ನಂಬರೂ ಇಲ್ಲ, ಎಷ್ಟೋ ಕಡೆ ಲಿಸ್ಟಿನಲ್ಲಿದ್ದೇವೆಂಬ ಸುದ್ದಿಯೂ ಇಲ್ಲ. ಮಾರ್ಚ್ ಕಳೆದರೂ ಒಂದು ಕಡೆಯಿಂದ ಮೌನವಿದ್ದರೆ ಅದನ್ನು ನಿರಾಕರಣೆಯೆಂದು ತಿಳಿದು ಅಳಬೇಕಾಗಿಲ್ಲ. ವಿನಯದಿಂದ ಒಂದು ಕಾಗದ ಬರೆದು ವಿಚಾರಿಸಬಹುದು. ಒಂದೇ ಕಾಗದ ಸಾಕು. ದಿನ ಬಿಟ್ಟು ದಿನ ಬರೆದರೆ ಆ ವಿಭಾಗದ ಗುಮಾಸ್ತೆಗೂ ನಮ್ಮ ರೇಷನ್ ಆಫೀಸಿನ ಗುಮಾಸ್ತೆಗೂ ವ್ಯತ್ಯಾಸವುಳಿಯುವುದಿಲ್ಲ.

ಇನ್ನು ಮುಖ್ಯ ವಿಷಯ. ಬರುವ ಕಾಗದಗಳು ಎರಡು ಬಗೆ. "ನಿಮಗೆ ಪ್ರವೇಶವಿತ್ತಿದ್ದೇವೆ" ಎಂಬುದೊಂದು. "ನಿಮ್ಮ ಓದಿನ ವೆಚ್ಚವನ್ನು ನಾವು ವಹಿಸುತ್ತೇವೆ" ಎಂಬುದು ಇನ್ನೊಂದು. ಕೆಲವೊಮ್ಮೆ ಎರಡೂ ಒಂದೇ ಲಕೋಟೆಯಲ್ಲಿರುತ್ತವೆ. ಕೆಲವೊಮ್ಮೆ ಮೊದಲನೆಯದು ಮಾತ್ರ ಬರುತ್ತದೆ. ಮೊದಲನೆಯದು ಬಂದ ಸಂಜೆಯೇ ಪೇಢೆ ಹಂಚಿ, ಬಂಧುಬಳಗಕ್ಕೆಲ್ಲ ಸಾರಿ, ಎರಡನೆಯದು ಇಲ್ಲವೆಂದು ತಿಳಿಯುವ ಹೊತ್ತಿಗೆ ಹಿಂದೆಗೆಯಲು ಬಾರದಷ್ಟು ದೂರ ಹೋಗಿರುವ ಮನೆಗಳುಂಟು. ಅಲ್ಲಿಯ ಎಂ.ಎಸ್. ವ್ಯಾಸಂಗಕ್ಕೆ ಸಾಮಾನ್ಯವಾಗಿ ಹಣ ನಮ್ಮದೇ. ವಿಜ್ಞಾನ, ಇಂಜಿನಿಯರಿಂಗ್ ವಿಷಯಗಳ ಪಿಎಚ್.ಡಿ.ಗೆ ಸಾಮಾನ್ಯವಾಗಿ ಶುಲ್ಕದ ಮಾಫಿಯೂ ಜೀವನವೆಚ್ಚವೂ ಅವರದು. ಬಿ.ಇ. ಮುಗಿಸಿದವನು ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಲು ಎಷ್ಟೋ ಕಡೆ ಅವಕಾಶವಿದೆಯೆಂಬುದೇ ನಮ್ಮವರಲ್ಲಿ ಹಲವರಿಗೆ ತಿಳಿಯದು.

ಹಣದ ಕಾಗದ ಬಂದವರಿಗೆ ಒಂದು ರಕ್ಷಣೆಯಿದೆ. ಅಮೆರಿಕದಲ್ಲಿ ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ನಿರ್ಣಯವೊಂದಕ್ಕೆ ಬಹಳಷ್ಟು ವಿಶ್ವವಿದ್ಯಾನಿಲಯಗಳು ಒಪ್ಪಿಗೆ ಕೊಟ್ಟಿವೆ. ಅದರಂತೆ, ಹಣದ ನೆರವಿನೊಡನೆ ಕರೆ ಬಂದ ವಿದ್ಯಾರ್ಥಿ ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. "ವಾರದೊಳಗೆ ಹೇಳಿ, ಇಲ್ಲವಾದರೆ ಹಣ ಬೇರೆಯವರಿಗೆ" ಎಂದು ಆ ಪಟ್ಟಿಯಲ್ಲಿರುವವರು ಯಾರಾದರೂ ಬರೆದರೆ, ಆ ನಿರ್ಣಯವನ್ನು ಮರ್ಯಾದೆಯಿಂದ ನೆನಪಿಸಬಹುದು. ಬರಿಯ ಪ್ರವೇಶದ ಕಾಗದಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಅಲ್ಲಿ ಠೇವಣಿ ಕಟ್ಟುವ ತಾರೀಖು ಆಯಾ ವಿಶ್ವವಿದ್ಯಾನಿಲಯದ ಇಷ್ಟ.

ಹಣದ ಕಾಗದವನ್ನು ಓದುವುದೂ ಒಂದು ವಿದ್ಯೆ. ಮೊತ್ತವನ್ನು ನೋಡಿದ ಕೂಡಲೇ ನಮ್ಮ ಹಿರಿಯರು ಅದನ್ನು ರೂಪಾಯಿಗೆ ಗುಣಿಸುತ್ತಾರೆ. ಗುಣಿಸಿದರೆ ಬಂದ ಲಕ್ಷಗಳನ್ನು ಕಂಡು ಹುಡುಗ ಅರಸನಾದನೆಂದು ಹಿಗ್ಗುತ್ತಾರೆ. ದಯವಿಟ್ಟು ಗುಣಿಸಬೇಡಿ. ಡಾಲರಿನಲ್ಲಿ ಬಂದುದು ಡಾಲರಿನಲ್ಲಿಯೇ ವೆಚ್ಚವಾಗುತ್ತದೆ. ವರುಷಕ್ಕೆ 30,000 ಡಾಲರು ಎಂದಿಟ್ಟುಕೊಳ್ಳೋಣ. ಸಣ್ಣ ಊರಿನಲ್ಲಿ ಅದು ಒಬ್ಬರ ಜೀವನಕ್ಕೆ ಸಾಕಾಗಬಹುದು. ಬಾಸ್ಟನ್ನಿನಲ್ಲಿ ಬಾಡಿಗೆಯೇ ಬಹುಪಾಲನ್ನು ನುಂಗಬಹುದು. ಆ ಮೊತ್ತ ಒಂಬತ್ತು ತಿಂಗಳದೋ ಹನ್ನೆರಡು ತಿಂಗಳದೋ? ಒಂಬತ್ತಾದರೆ ಬೇಸಿಗೆಯ ಮೂರು ತಿಂಗಳು ಊಟ ಎಲ್ಲಿ? ಒಂದು ವರುಷಕ್ಕೆ ಮಾತ್ರವೇ, ಐದು ವರುಷಕ್ಕೆ ಮಾತು ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ಯಾವ ಷರತ್ತಿನ ಮೇಲೆ? ಬೋಧನಾ ಶುಲ್ಕ ಮಾಫಿಯಾದರೂ ಬೇರೆ ಬೇರೆ ಹೆಸರಿನ ಚಿಲ್ಲರೆ ಶುಲ್ಕಗಳು ಉಳಿದಿರುತ್ತವೆ; ಚಿಲ್ಲರೆಯೆಂದು ನಾನು ಕರೆದರೂ ಸಾವಿರ ಡಾಲರು ದಾಟುವುದುಂಟು. ಆರೋಗ್ಯ ವಿಮೆಯನ್ನು ಕಟ್ಟುವವರು ಯಾರು ಎಂಬುದನ್ನಂತೂ ಕೇಳದೆ ಬಿಡಬಾರದು. ಆ ದೇಶದಲ್ಲಿ ವಿಮೆಯಿಲ್ಲದವನಿಗೆ ಜ್ವರವೂ ದುಬಾರಿ.

ಹಣ ಎಲ್ಲಿಂದ ಬರುತ್ತದೆಂಬುದೂ ಮುಖ್ಯ. ಫೆಲೋಶಿಪ್ಪಾದರೆ ಓದಿಗೆಂದೇ ಕೊಟ್ಟದ್ದು. ಟೀಚಿಂಗ್ ಅಸಿಸ್ಟೆಂಟ್ ಆದರೆ ವಾರಕ್ಕೆ ಸಾಮಾನ್ಯವಾಗಿ 20 ಗಂಟೆ ಅಲ್ಲಿಯ ಹುಡುಗರಿಗೆ ಪ್ರಯೋಗಶಾಲೆ ನಡೆಸಬೇಕು, ಉತ್ತರಪತ್ರಿಕೆ ತಿದ್ದಬೇಕು. ಆದರೆ ಅದರ ಬೇರು ವಿಭಾಗದಲ್ಲಿರುತ್ತದೆ. ರಿಸರ್ಚ್ ಅಸಿಸ್ಟೆಂಟ್ ಆದರೆ ಒಬ್ಬ ಪ್ರಾಧ್ಯಾಪಕರ ಅನುದಾನವನ್ನು ಅವಲಂಬಿಸಿದ್ದು. ಅನುದಾನ ಬತ್ತಿದರೆ ಮುಂದೇನು ಎಂದು ಮೊದಲೇ ಕೇಳಿಕೊಳ್ಳಬೇಕು. ಕೇಳಿದರೆ ಅವರು ತಪ್ಪು ತಿಳಿಯುತ್ತಾರೆಂಬ ಸಂಕೋಚ ನಮ್ಮದು. ಅವರಿಗೆ ಆ ಸಂಕೋಚ ಅರ್ಥವಾಗುವುದೂ ಇಲ್ಲ.

ನಮ್ಮಲ್ಲಿಯೇ ಒಂದು ಮನೆಯ ಮಾತು ಹೇಳುತ್ತೇನೆ. ಅವರ ಒಪ್ಪಿಗೆಯಿದೆ, ಹೆಸರು ಬೇಡ. ತಂದೆ ಪಿಂಪ್ರಿಯ ಕಾರಖಾನೆಯೊಂದರಿಂದ ನಿವೃತ್ತರು. ಮಗಳು ರಸಾಯನಶಾಸ್ತ್ರದ ಎಂ.ಎಸ್ಸಿ. ಮಾರ್ಚ್ ಮೊದಲ ವಾರದಲ್ಲಿ ಎರಡು ಕಾಗದ ಬಂದುವು. ಒಂದು, ಹೆಸರು ಹೇಳಿದರೆ ನೀವೆಲ್ಲ ತಲೆದೂಗುವಂತಹ ವಿಶ್ವವಿದ್ಯಾನಿಲಯದ್ದು, ಎರಡು ವರುಷದ ವ್ಯಾಸಂಗ, ಹಣವಿಲ್ಲ. ಇನ್ನೊಂದು, ನಾನೂ ಕೇಳಿರದ ಊರಿನದು, ಪಿಎಚ್.ಡಿ., ಶುಲ್ಕವಿಲ್ಲ, ಬೋಧನೆಯ ಕೆಲಸಕ್ಕೆ ಸಂಬಳ. ತಂದೆಯ ಮನಸ್ಸು ಹೆಸರಿನ ಕಡೆಗೆ. ಧಾರವಾಡದಲ್ಲಿ ಪಿತ್ರಾರ್ಜಿತ ಮನೆಯಿದೆ, ಅಜ್ಜಿ ಅದರಲ್ಲಿ ವಾಸವಾಗಿದ್ದಾರೆ. ಅದರ ಪತ್ರ ಬ್ಯಾಂಕಿನಲ್ಲಿಟ್ಟು 40 ಲಕ್ಷ ಸಾಲ ತರುವುದೆಂದು ನಿಶ್ಚಯಿಸಿ, ಮನೆಯಲ್ಲಿ ಪಾಲಿರುವ ಇಬ್ಬರು ತಮ್ಮಂದಿರ ಸಹಿಗಾಗಿ ಊರಿಗೆ ಹೊರಟರು.

ಅಜ್ಜಿ ಬೇಡವೆನ್ನಲಿಲ್ಲ. ಬೇಡವೆಂದವಳು ಮಗಳೇ. "ಅಪ್ಪಾ, ಮನಿ ಕಾಗದಾ ಬ್ಯಾಂಕಿನಾಗ ಇಟ್ಟ ಮ್ಯಾಲೆ ನಾ ಅಲ್ಲಿ ಪುಸ್ತಕಾ ಓದ್ಲ್ಯೊ, ಕಂತಿನ ಲೆಕ್ಕಾ ಓದ್ಲ್ಯೊ?" ಎಂದಳಂತೆ.

ಲೆಕ್ಕವನ್ನು ನಾವೂ ಒಮ್ಮೆ ನೋಡೋಣ. 40 ಲಕ್ಷಕ್ಕೆ ನೂರಕ್ಕೆ 11ರ ದರದಲ್ಲಿ ವರುಷಕ್ಕೆ ಬಡ್ಡಿ 4 ಲಕ್ಷ 40 ಸಾವಿರ. ಓದುವ ಎರಡು ವರುಷ, ಮುಗಿದ ಮೇಲೆ ಒಂದು ವರುಷ, ಕಂತು ಕಟ್ಟದೆ ಇರಬಹುದು. ಆದರೆ ಬಡ್ಡಿ ನಿದ್ದೆ ಮಾಡುವುದಿಲ್ಲ. ಮೂರು ವರುಷಕ್ಕೆ ಸಾಲ 53 ಲಕ್ಷ ದಾಟುತ್ತದೆ. ಸಾಲ ಕಂತುಗಳಲ್ಲಿ ಕೈಗೆ ಬರುವುದರಿಂದ ಇದು ಸ್ವಲ್ಪ ಕಡಮೆಯಾದೀತು, ಸುಲಭಕ್ಕಾಗಿ ಅದನ್ನು ಬಿಡುತ್ತೇನೆ. ಅಲ್ಲಿಂದ ಹತ್ತು ವರುಷ ತಿಂಗಳಿಗೆ ಸುಮಾರು 73,000 ರೂಪಾಯಿ. ಅಲ್ಲಿ ನೌಕರಿ ಸಿಕ್ಕರೆ ಈ ಸಾಲ ತೀರಿಸುವುದು ಕಷ್ಟವಲ್ಲ, ಎಷ್ಟೋ ಮಂದಿ ತೀರಿಸಿದ್ದಾರೆ. ಸಿಕ್ಕದಿದ್ದರೆ ಕಂತು ಕಟ್ಟುವವರು ಪಿಂಪ್ರಿಯ ಪೆನ್ಶನ್‌ದಾರರು. ಸಾಲವೇ ಕೂಡದೆಂದು ನಾನು ಹೇಳುವುದಿಲ್ಲ. ಸಾಲದ ಕೆಳಗೆ ಯಾರ ಸೂರು ಇದೆ ಎಂದು ನೋಡಿ ಎನ್ನುತ್ತೇನೆ.

ಆ ಹುಡುಗಿ ದೊಡ್ಡ ಹೆಸರಿನವರ ಠೇವಣಿಯ ತಾರೀಖನ್ನು ಹಾಗೆಯೇ ಕಳೆಯಬಿಟ್ಟಳು. ಇನ್ನೊಂದು ಕಾಗದ ಒಂಬತ್ತು ತಿಂಗಳದಾಗಿತ್ತು. ಬೇಸಿಗೆಗೆ ಏನೆಂದು ಕೇಳಿ ಬರೆದಳು. "ಸಾಮಾನ್ಯವಾಗಿ ಕೆಲಸ ಸಿಕ್ಕುತ್ತದೆ, ಮಾತು ಕೊಡಲಾರೆವು" ಎಂದು ಉತ್ತರ ಬಂತು. ಅಲ್ಲಿಯೇ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳನ್ನು ವಿಚಾರಿಸಿದಳು. ಇಬ್ಬರಿಗೂ ಪ್ರತಿ ಬೇಸಿಗೆಯೂ ಸಿಕ್ಕಿತ್ತು. ಏಪ್ರಿಲ್ 14ರ ಸಂಜೆ ಒಪ್ಪಿಗೆ ಬರೆದಳು. 17ನೆಯ ತಾರೀಖು, ಎರಡು ತಿಂಗಳಿಂದ ಮೌನವಾಗಿದ್ದ ಮತ್ತೊಂದು ಒಳ್ಳೆಯ ವಿಶ್ವವಿದ್ಯಾನಿಲಯದಿಂದ ಹಣ ಸಹಿತ ಕರೆ ಬಂತು! ಅವಳು ಹೋಗಲಿಲ್ಲ; ಮಾತು ಕೊಟ್ಟಾಗಿತ್ತು. "ಮೂರು ದಿನ ತಡದಿದ್ರ..." ಎಂದು ತಂದೆ ಇಂದಿಗೂ ಅನ್ನುತ್ತಾರೆ. ತಡೆದಿದ್ದರೆ ಕೈಯಲ್ಲಿದ್ದುದೂ ಹೋಗುತ್ತಿತ್ತೆಂದು ನಾನು ಹೇಳಿದರೆ ಒಪ್ಪುತ್ತಾರೆ, ಮರುದಿನ ಮತ್ತೆ ಅನ್ನುತ್ತಾರೆ. ಹುಡುಗಿ ಈಗ ಮೂರನೆಯ ವರುಷದಲ್ಲಿದ್ದಾಳೆ. ಧಾರವಾಡದ ಮನೆಯ ಪತ್ರ ಅಜ್ಜಿಯ ಟ್ರಂಕಿನಲ್ಲಿದೆ.

ಸಂಬಳಕ್ಕಿದ್ದು ಓದುವುದು ಹಗುರವೆಂದು ಭಾವಿಸುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರಿಗೆ ಈ ಊರಿನ ಹಳೆಯ ಸಂಗತಿಯೊಂದನ್ನು ನೆನಪಿಸುತ್ತೇನೆ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದಲೇ ಇದೇ ಪುಣೆಗೆ ಬಂದು, ಇಂದು ಸಿ.ಓ.ಇ.ಪಿ. ಎಂದು ನಾವು ಕರೆಯುವ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದರು. 1883ರಲ್ಲಿ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರುಷ ಮುಂಬಯಿ ಸರಕಾರ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅವರು ಮೈಸೂರಿನ ಚೀಫ್ ಇಂಜಿನಿಯರಾಗಿ ಹೋದದ್ದು 1909ರಲ್ಲಿ. ಮೈಸೂರು ತಾನು ಕೊಟ್ಟ ಹಣದ ಫಲಕ್ಕೆ ಇಪ್ಪತ್ತೈದು ವರುಷ ಕಾಯಿತೆಂದಾಯಿತು. "ಎರಡು ವರುಷದಲ್ಲಿ ಹಾಕಿದ ಹಣ ಮರಳುತ್ತದೆಯೇ?" ಎಂದು ಕೇಳುವ ತಂದೆಯರು ಇದನ್ನು ಸ್ವಲ್ಪ ಆಲೋಚಿಸಬೇಕು. ಮುಂಬಯಿಯಲ್ಲಿ ಜಮಶೇಟಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿಯೂ ಪರದೇಶದ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನವನ್ನು ಇಂದಿಗೂ ಕೊಡುತ್ತಿದೆ. ನಮ್ಮ ಮಕ್ಕಳು ಅತ್ತ ನೋಡುವುದೇ ಕಡಮೆ.

ಸಮುದ್ರ ದಾಟಿದರೇ ವಿದ್ಯೆ ಎಂಬ ಭ್ರಮೆಯೂ ಬೇಡ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ನಮ್ಮ ಮನೆಯ ಅಂಗಳದಲ್ಲಿದೆ. ಕೇಂದ್ರ ಸರಕಾರದ ಕಿರಿಯ ಸಂಶೋಧನಾ ವೇತನವನ್ನು 2023ರ ಜನವರಿಯಿಂದ 31,000ದಿಂದ 37,000 ರೂಪಾಯಿಗೆ ಏರಿಸಿದರು. ಮೇಲೆ ಮನೆ ಬಾಡಿಗೆಯ ಭತ್ಯೆ. ಐ.ಐ.ಟಿ.ಗಳ ಎಂ.ಟೆಕ್. ಪ್ರವೇಶದಲ್ಲಂತೂ ಹುಡುಗರ ಮುಂದೆ ಮೂರು ದಾರಿ ಇಡುತ್ತಾರೆ: ಒಪ್ಪಿಕೊಂಡು ನಿಲ್ಲುವುದು, ಇಟ್ಟುಕೊಂಡು ಕಾಯುವುದು, ಬಿಟ್ಟುಕೊಟ್ಟು ಕಾಯುವುದು. ಈ ಮೂರನ್ನು ಯೋಚಿಸಿದ ಮಹನೀಯರು ಯಾರೋ, ಹೆಣ್ಣುಮಕ್ಕಳ ಮದುವೆ ಮಾಡಿದ ಅನುಭವಸ್ಥರಿರಬೇಕು.

ಕಾಗದ ಕೈಗೆ ಬಂದರೂ ಎಲ್ಲವೂ ಮುಗಿಯಿತೆನ್ನುವಂತಿಲ್ಲವೆಂಬುದನ್ನು 2025 ನಮಗೆ ತೋರಿಸಿತು. ಆ ವರುಷದ ವಸಂತದಲ್ಲಿ ಅಮೆರಿಕದ ಕೇಂದ್ರ ಸರಕಾರ ಸಂಶೋಧನೆಯ ಅನುದಾನಗಳಿಗೆ ಕತ್ತರಿ ಹಾಕಿದಾಗ ಕೆಲವು ವಿಶ್ವವಿದ್ಯಾನಿಲಯಗಳು ಪಿಎಚ್.ಡಿ. ಪ್ರವೇಶಗಳನ್ನು ಕಡಮೆ ಮಾಡಿದುವು. ಕೊಟ್ಟ ಕರೆಯನ್ನೇ ಹಿಂತೆಗೆದುಕೊಂಡವರೂ ಉಂಟು. ಮೇ ಕೊನೆಯಿಂದ ಜೂನ್ ನಡುವಿನವರೆಗೆ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಗೊತ್ತುಮಾಡುವುದೇ ನಿಂತಿತ್ತು. ಆದುದರಿಂದ ಇಲ್ಲಿಯ ಒಂದು ದಾರಿಯನ್ನು ತೆರೆದಿಟ್ಟುಕೊಂಡಿರುವುದು ಪುಕ್ಕಲುತನವಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ವಿನಂತಿ. ನಾಲ್ಕು ಕರೆ ಬಂದವರು ನಾಲ್ಕನ್ನೂ ಏಪ್ರಿಲ್ 15ರವರೆಗೆ ಎದೆಗವಚಿಕೊಂಡಿರಬೇಡಿ. ಹೋಗುವುದಿಲ್ಲವೆಂದು ಗೊತ್ತಾದುದನ್ನು ಆ ದಿನವೇ ಬೇಡವೆಂದು ಬರೆಯಿರಿ. ನೀವು ಬಿಟ್ಟ ಜಾಗಕ್ಕಾಗಿ ಹುಬ್ಬಳ್ಳಿಯಲ್ಲಿಯೋ ಕಲಬುರ್ಗಿಯಲ್ಲಿಯೋ ಒಬ್ಬ ಹುಡುಗ ರಾತ್ರಿ ಎದ್ದು ಕುಳಿತಿರಬಹುದು.

ಹಿರಿಯರಿಗೂ ಒಂದು ಮಾತು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಆ "ಏನಾಯಿತು?" ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳದಿರಿ. ಉತ್ತರ ಬಂದರೆ ಅವರೇ ಹೇಳುತ್ತಾರೆ. ಬಾರದಿದ್ದರೆ ಅವರಿಗೂ ತಿಳಿಯದು.

ಬರುವ ಮಾರ್ಚ್ ತಿಂಗಳ ನಾಲ್ಕೂ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಸಂಘದ ವಾಚನಾಲಯದಲ್ಲಿ ನಾನೂ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಇಬ್ಬರು ಸದಸ್ಯರೂ ಕುಳಿತಿರುತ್ತೇವೆ. ಕಾಗದ ಬಂದವರು ಅದನ್ನು ಪೂರ್ತಿ ತನ್ನಿರಿ. ಮೊದಲ ಪುಟವನ್ನು ಮಾತ್ರ ತರುವವರು ಬಹಳ; ಹಣದ ವಿಷಯ ಇರುವುದು ಎರಡನೆಯ ಪುಟದಲ್ಲಿ.